ಹೂಡಿಕೆದಾರರ ಹಣ ಬಂದರೆ ಜೋಡಿಗಳು ಹೆಚ್ಚುತ್ತವೆಯೇ?

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಕಿವುಡರಿಗಾಗಿ ಒಂದು ಡೇಟಿಂಗ್ ಆ್ಯಪ್ ನಡೆಸುತ್ತಿದ್ದೇವೆ. ನನಗೂ ಇನ್ನೊಬ್ಬ ಸ್ನೇಹಿತೆಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಪ್ರೊಫೈಲ್, ಮಾತುಕತೆ ಎಲ್ಲವೂ ಸನ್ನೆ ಭಾಷೆಯ ವಿಡಿಯೊದಲ್ಲಿ. ಎರಡೂವರೆ ವರ್ಷದಲ್ಲಿ 11,000 ನೋಂದಣಿ ಆಗಿದೆ. ತಿಂಗಳಿಗೊಮ್ಮೆಯಾದರೂ ಆ್ಯಪ್ ತೆರೆಯುವವರು 2,300. ಹಣ ಕೊಡುವ ಚಂದಾದಾರರು 240. ಮೂರು ದೇಶ, ಮೂರು ಸನ್ನೆ ಭಾಷೆ. ಹೂಡಿಕೆದಾರರಿಗೆ ತೋರಿಸುವ ನಮ್ಮ ಪಿಚ್ ಡೆಕ್‌ನಲ್ಲಿದ್ದ 43 ಕೋಟಿ ಜನರ ಮಾರುಕಟ್ಟೆಯ ಸ್ಲೈಡ್ ನೋಡಿ ಒಂದು ಹೂಡಿಕೆ ಸಂಸ್ಥೆ ಮುಂದೆ ಬಂದಿದೆ. 18 ತಿಂಗಳ ಖರ್ಚಿಗೆ ಆಗುವಷ್ಟು ಹಣ, ಬದಲಿಗೆ ಶೇ 25 ಪಾಲು. ವರ್ಷದೊಳಗೆ ಆ್ಯಪನ್ನು ಎಲ್ಲರಿಗೂ ತೆರೆಯಬೇಕು, ಬೋರ್ಡ್‌ನಲ್ಲಿ ಒಂದು ಸ್ಥಾನ ಕೊಡಬೇಕು ಎಂಬುದು ಅವರ ಷರತ್ತು. ಬ್ಯಾಂಕಿನಲ್ಲಿ ಐದು ತಿಂಗಳ ಹಣ ಮಾತ್ರ ಉಳಿದಿದೆ. ಒಪ್ಪಿಕೊಳ್ಳಲೇ?

ಉತ್ತರ: ಈ ಷರತ್ತಿನ ಮೇಲೆ ಈ ಹಣ ಬೇಡ. ಐದು ತಿಂಗಳ ಹಣ ಮಾತ್ರ ಇರುವವರಿಗೆ ಇದನ್ನು ಹೇಳುವುದು ನನಗೂ ಸುಲಭವಲ್ಲ. ಆದರೆ ನೀವು ಪ್ರಶ್ನೆಯ ಜೊತೆ ಕಳುಹಿಸಿದ ಲೆಕ್ಕದ ಹಾಳೆಯನ್ನು ಎರಡು ಸಲ ಕೂತು ಓದಿದೆ. ನಿಮ್ಮ ಆ್ಯಪ್ ಹೇಗೆ ಬೆಳೆಯುತ್ತದೆ ಎಂಬುದು ಅದರಲ್ಲೇ ಇದೆ. ಈ ಷರತ್ತು ಸರಿಯಾಗಿ ಅದರ ಬುಡಕ್ಕೇ ಕೊಡಲಿ ಹಾಕುತ್ತದೆ.

ಮೊದಲು ಆ 43 ಕೋಟಿಯ ಸ್ಲೈಡ್. ಸಂಖ್ಯೆ ಸುಳ್ಳಲ್ಲ. ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಚಿಕಿತ್ಸೆ ಅಥವಾ ನೆರವು ಬೇಕಾಗುವಷ್ಟು ಶ್ರವಣದೋಷ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಅವರಲ್ಲಿ ದೊಡ್ಡ ಪಾಲು ವಯಸ್ಸಾದ ಮೇಲೆ ಕಿವಿ ಮಂದವಾದವರದು. 60 ದಾಟಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ಇದೆ. ಅವರು ಜೀವನವಿಡೀ ಮಾತನಾಡಿದ ಭಾಷೆಯಲ್ಲೇ ಈಗಲೂ ಮಾತನಾಡುತ್ತಾರೆ. ಸನ್ನೆ ಭಾಷೆ ಅವರದಲ್ಲ, ನಿಮ್ಮ ಆ್ಯಪ್ ಕೂಡ ಅವರದಲ್ಲ. ವಿಶ್ವ ಕಿವುಡರ ಒಕ್ಕೂಟ ಹೇಳುವ ಕಿವುಡರ ಸಂಖ್ಯೆ ಸುಮಾರು 7 ಕೋಟಿ, ಅವರು ಬಳಸುವ ಸನ್ನೆ ಭಾಷೆಗಳು 300ಕ್ಕಿಂತ ಹೆಚ್ಚು. ಆ 7 ಕೋಟಿಯಲ್ಲಿ ಮಕ್ಕಳು, ಮದುವೆಯಾದವರು, ಸಂಗಾತಿಯ ಹುಡುಕಾಟದಲ್ಲೇ ಇಲ್ಲದವರು ಎಲ್ಲರೂ ಸೇರಿದ್ದಾರೆ. ಸನ್ನೆ ಭಾಷೆ ಎಂದರೆ ಎಲ್ಲ ಕಡೆ ಒಂದೇ ಎಂದುಕೊಂಡ ಹೂಡಿಕೆದಾರರಿಗೆ ಒಂದು ಉದಾಹರಣೆ ಕೊಡಿ: ಅಮೆರಿಕನ್ನರೂ ಬ್ರಿಟಿಷರೂ ಓದುವುದು ಒಂದೇ ಇಂಗ್ಲಿಷ್. ಅವರ ಸನ್ನೆ ಭಾಷೆಗಳು ಮಾತ್ರ ಪೂರಾ ಬೇರೆ. ಅಮೆರಿಕದ್ದು ಫ್ರೆಂಚ್ ಸನ್ನೆ ಭಾಷೆಯ ವಂಶದ್ದು, ಅಕ್ಷರಗಳನ್ನು ಒಂದು ಕೈಯಲ್ಲಿ ತೋರಿಸುತ್ತದೆ. ಬ್ರಿಟಿಷರದು ಎರಡೂ ಕೈ ಬೇಡುತ್ತದೆ. ನಿಮ್ಮ ಮೂರು ದೇಶಗಳೆಂದರೆ ಒಂದೇ ಆ್ಯಪ್ ಒಳಗಿನ ಮೂರು ಪುಟ್ಟ ಆ್ಯಪ್‌ಗಳು.

ಈ ಸ್ಲೈಡನ್ನು ನಂಬಿಯೇ ಅವರು ಬಂದಿದ್ದಾರೆ ಎನ್ನುವುದು ನನಗೆ ಚಿಂತೆಯ ವಿಷಯ. ಮೊದಲ ದಿನ ತೋರಿಸಿದ ಮಾರುಕಟ್ಟೆಯ ಗಾತ್ರವನ್ನು ಅವರು ಎರಡನೇ ವರ್ಷದಲ್ಲಿ ವಾಪಸ್ ಕೇಳುತ್ತಾರೆ. ಅದನ್ನು ಇವತ್ತೇ ಡೆಕ್‌ನಿಂದ ತೆಗೆಯಿರಿ.

ಡೇಟಿಂಗ್ ಆ್ಯಪ್‌ನಲ್ಲಿ ಒಟ್ಟು ನೋಂದಣಿಗೆ ಬೆಲೆ ಕಡಿಮೆ. ಒಬ್ಬರು ಆ್ಯಪ್ ತೆರೆದಾಗ ಅವರ ಕಣ್ಣಿಗೆ ಎಷ್ಟು ಮುಖ ಬೀಳುತ್ತವೆ ಎಂಬುದು ಮುಖ್ಯ. ನಿಮ್ಮದೇ ಲೆಕ್ಕ ಹಿಡಿಯೋಣ. 2,300 ಜನರಲ್ಲಿ ಎರಡನೇ ದೇಶದವರು ಸುಮಾರು 600. ಹೆಂಗಸರು ನೂರಕ್ಕೆ ಮೂವತ್ತು ಎಂದಿದ್ದೀರಿ, ಅಲ್ಲಿಗೆ 180. ಆ ದೇಶದ ಒಬ್ಬ 30 ವರ್ಷದ ಗಂಡಸಿಗೆ ವಯಸ್ಸಿನಲ್ಲಿ ಹೊಂದುವವರು ಅದರಲ್ಲಿ ಅರ್ಧ ಇದ್ದಾರೆ ಎಂದುಕೊಳ್ಳಿ, 90. ಒಂದೆರಡು ಗಂಟೆಯ ಪ್ರಯಾಣದೊಳಗೆ ಹತ್ತರಲ್ಲಿ ಒಬ್ಬರು ಸಿಕ್ಕರೆ ಒಂಬತ್ತು. 11,000 ಎಂಬ ಸಂಖ್ಯೆ ಅವನ ಪರದೆಯ ಮೇಲೆ ಒಂಬತ್ತು ಮುಖವಾಗಿ ನಿಲ್ಲುತ್ತದೆ.

ಈ ಒಂಬತ್ತನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ, ಸಂಗಾತಿಯನ್ನು ಕಳೆದುಕೊಂಡವರಿಗಾಗಿ ಇದ್ದ ಒಂದು ಆ್ಯಪ್ ಕಂಪನಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದೆ. ದೊಡ್ಡ ಹೂಡಿಕೆ ಬಂತು. ಅದರಲ್ಲಿ ಬಹುಪಾಲು ಜಾಹೀರಾತಿಗೆ ಹೋಯಿತು. ಏಳು ತಿಂಗಳಲ್ಲಿ ನೋಂದಣಿ ಮೂರು ಪಟ್ಟಾಯಿತು. ಗೋಡೆಯ ಮೇಲಿನ ಪರದೆಯಲ್ಲಿ ಗೆರೆ ಮೇಲೇರುವುದನ್ನು ನೋಡಿ ನಾವೆಲ್ಲ ಖುಷಿಯಾಗಿದ್ದೆವು. ಒಂದು ದಿನ ಚಂದಾ ವಾಪಸ್ ಕೇಳಿದ್ದ ಒಬ್ಬ ಮಹಿಳೆಯನ್ನು ಕಚೇರಿಗೆ ಕರೆದೆವು. ಐವತ್ತರ ಆಸುಪಾಸಿನವರು. ಏನು ತೊಂದರೆ ತೋರಿಸಿ ಎಂದಾಗ ಅವರು ಏನೂ ಹೇಳದೆ ಮೊಬೈಲನ್ನು ನನ್ನ ಕಡೆ ತಿರುಗಿಸಿ ಹೆಬ್ಬೆರಳಿನಿಂದ ಒಂದೊಂದೇ ಮುಖ ಸರಿಸುತ್ತ ಹೋದರು. ಏಳನೆಯದು ಮುಗಿದ ಮೇಲೆ ಮತ್ತೆ ಮೊದಲನೆಯದು ಬಂತು. "ಇವರನ್ನು ನಾಲ್ಕು ಸಲ ಬೇಡ ಅಂದಿದ್ದೀನಿ. ಪ್ರತಿ ಸಲ ಬೇಡ ಅನ್ನುವಾಗ ಸಂಕಟ ಆಗುತ್ತೆ, ಅವರಿಗೂ ಹೆಂಡತಿ ಹೋಗಿದ್ದಾರಲ್ಲ" ಎಂದರು.

ಜಾಹೀರಾತಿನಿಂದ ಬಂದವರು ನೂರಾರು ಊರುಗಳಿಗೆ ಚದುರಿದ್ದರು. ಒಂದೊಂದು ಊರಿಗೆ ನಾಲ್ಕೋ ಐದೋ ಜನ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು ಆ ಖರ್ಚು. ಹೂಡಿಕೆ ಬಂದ ಇಪ್ಪತ್ತನೇ ತಿಂಗಳಿಗೆ ಕಂಪನಿ ಮುಚ್ಚಿತು. ಆ ಹೂಡಿಕೆದಾರರು ಕೆಟ್ಟವರಾಗಿರಲಿಲ್ಲ. ನಾವು ಕೇಳಿದ್ದನ್ನು ಕೊಟ್ಟಿದ್ದರು. ಕೇಳಬೇಕಾದದ್ದು ಏನೆಂಬುದು ನಮಗೇ ಗೊತ್ತಿರಲಿಲ್ಲ.

ಈಗ ನಿಮ್ಮ ಹಾಳೆಗೆ ಬರುತ್ತೇನೆ. ಕಳೆದ ತಿಂಗಳು 410 ಹೊಸ ನೋಂದಣಿ. ನೋಂದಾಯಿಸಿದ ನೂರರಲ್ಲಿ ಎಂಟು ಮಂದಿ ಹಣ ಕೊಡುತ್ತಾರೆ, ಸರಾಸರಿ ನಾಲ್ಕು ತಿಂಗಳು ಉಳಿಯುತ್ತಾರೆ ಎಂದು ಬರೆದಿದ್ದೀರಿ. ಹಾಗಾದರೆ ತಿಂಗಳಿಗೆ 33 ಹೊಸ ಚಂದಾದಾರರು. ನಾಲ್ಕು ತಿಂಗಳಿಗೆ 132. ನಿಮ್ಮಲ್ಲಿರುವುದು 240. ಉಳಿದ ನೂರು ಚಿಲ್ಲರೆ ಮಂದಿ ಎಲ್ಲಿಂದ ಬಂದರು? ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಉತ್ತರವಿದೆ. ಎರಡು ತಿಂಗಳ ಹಿಂದೆ ಕಿವುಡರ ಕ್ರೀಡಾಕೂಟಕ್ಕೆ ನಿಮ್ಮಿಬ್ಬರು ಸ್ನೇಹಿತರು ಹೋಗಿ ನಾಲ್ಕು ದಿನ ನಿಂತಿದ್ದರು. ಆ ಒಂದು ತಿಂಗಳಲ್ಲಿ 1,900 ನೋಂದಣಿ. ನೂರಕ್ಕೆ ಎಂಟರಂತೆ 152 ಚಂದಾದಾರರು.

ಇದರಲ್ಲಿ ಕೆಟ್ಟ ಸುದ್ದಿಯೂ ಇದೆ, ಒಳ್ಳೆಯದೂ ಇದೆ. ಇನ್ನೆರಡು ತಿಂಗಳಲ್ಲಿ ಕ್ರೀಡಾಕೂಟದ ಗುಂಪು ಖಾಲಿಯಾದರೆ ನಿಮ್ಮ 240 ಇಳಿದು 130ರ ಹತ್ತಿರ ನಿಲ್ಲುತ್ತದೆ. ಹೂಡಿಕೆ ಸಂಸ್ಥೆಗೆ ಇದು ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ನೀವೇ ಹೇಳಬೇಕು, ಸಹಿಯಾದ ಮೇಲೆ ಗೊತ್ತಾದರೆ ನಂಬಿಕೆ ಅಲ್ಲೇ ಮುಗಿಯುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ನಿಮ್ಮ ಆ್ಯಪ್ ಎಲ್ಲಿ ಬೆಳೆಯುತ್ತದೆ ಎಂಬುದಕ್ಕೆ ನಿಮ್ಮ ಬಳಿ ಸಾಕ್ಷಿ ಇದೆ. ಇಬ್ಬರ ಪ್ರಯಾಣ ಮತ್ತು ನಾಲ್ಕು ದಿನದ ವಾಸ್ತವ್ಯದ ಖರ್ಚಿನಲ್ಲಿ ನಾಲ್ಕೂವರೆ ತಿಂಗಳ ನೋಂದಣಿ ಬಂದಿದೆ.

ಟಿಂಡರ್ 2012ರಲ್ಲಿ ಹೊರಟಾಗಲೂ ಹೀಗೇ ಒಂದೊಂದೇ ಕಾಲೇಜು ಕ್ಯಾಂಪಸ್ ಹಿಡಿದು ಹೋಗಿತ್ತು. ವಿಟ್ನಿ ವುಲ್ಫ್, ಮುಂದೆ ಬಂಬಲ್ ಎಂಬ ಡೇಟಿಂಗ್ ಆ್ಯಪ್ ಕಟ್ಟಿದವರು, ಮೊದಲು ವಿದ್ಯಾರ್ಥಿನಿಯರ ಸಂಘಗಳಿಗೆ ಹೋಗಿ ಆ್ಯಪ್ ಹಾಕಿಸುತ್ತಿದ್ದರು, ಆಮೇಲೆ ವಿದ್ಯಾರ್ಥಿಗಳ ಸಂಘಗಳಿಗೆ. ಹುಡುಗರು ಆ್ಯಪ್ ತೆರೆದಾಗ ಪರಿಚಯದ ಮುಖಗಳು ಆಗಲೇ ಅಲ್ಲಿರುತ್ತಿದ್ದವು. ಒಂದು ಕ್ಯಾಂಪಸ್ ತುಂಬಿದ ಮೇಲೆ ಇನ್ನೊಂದು. ನಿಮಗೆ ಇಂಥ ತುಂಬಿದ ಜಾಗಗಳನ್ನು ಕಿವುಡರ ಸಮುದಾಯವೇ ನೂರಾರು ವರ್ಷಗಳಿಂದ ಕಟ್ಟಿಕೊಟ್ಟಿದೆ: ಕಿವುಡರ ಶಾಲೆಗಳು, ಅವುಗಳ ಹಳೆಯ ವಿದ್ಯಾರ್ಥಿಗಳ ಕೂಟಗಳು, ಕ್ರೀಡಾಕೂಟಗಳು. ವಾಷಿಂಗ್ಟನ್‌ನಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯ 1864ರದು. ಕಿವುಡರ ಒಲಿಂಪಿಕ್ಸ್ ಆದ ಡೆಫ್ಲಿಂಪಿಕ್ಸ್ 1924ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾಯಿತು, 2025ರಲ್ಲಿ ಟೋಕಿಯೊದಲ್ಲಿ ನಡೆಯಿತು. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ತಂದೆ ತಾಯಿಗೆ ಕಿವಿ ಕೇಳಿಸುತ್ತದೆ. ಹಾಗಾಗಿ ಮನೆಯಲ್ಲಿ ಸಿಗದ ಭಾಷೆಯ ಜೊತೆಗಾರರನ್ನು ಅವರು ಇಂಥ ಕಡೆಯೇ ಕಂಡುಕೊಳ್ಳುತ್ತಾರೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹೂಡಿಕೆದಾರರ ಮುಂದೆ ಹೇಳಬೇಕಾದ ಕಥೆ ಇದು, 43 ಕೋಟಿಯದಲ್ಲ.

ಇನ್ನು ಆ ಸಂಸ್ಥೆ ಯಾಕೆ "ಎಲ್ಲರಿಗೂ ತೆರೆಯಿರಿ" ಎನ್ನುತ್ತಿದೆ? ಅವರ ಲೆಕ್ಕವನ್ನೂ ನ್ಯಾಯವಾಗಿ ನೋಡಬೇಕು. ವೆಂಚರ್ ಫಂಡ್ ಎಂದರೆ ಅದರೊಳಗಿರುವುದು ಬೇರೆಯವರ ಹಣ, ಸಾಮಾನ್ಯವಾಗಿ ಹತ್ತು ವರ್ಷದ ಗಡುವಿನಲ್ಲಿ ವಾಪಸ್ ಕೊಡಬೇಕಾದದ್ದು. ಹಾಕಿದ ಹತ್ತು ಕಡೆಗಳಲ್ಲಿ ಹೆಚ್ಚಿನವು ಮುಳುಗುತ್ತವೆ ಎಂದು ಅವರಿಗೆ ಮೊದಲೇ ಗೊತ್ತು. ಒಂದೋ ಎರಡೋ ಕಂಪನಿಗಳು ಉಳಿದೆಲ್ಲದರ ನಷ್ಟ ತುಂಬಬೇಕು. ಆದ್ದರಿಂದ ಹಾಕಿದ ಹಣದ ಮೂರು ಪಟ್ಟು ಕೊಡಬಲ್ಲ ಗಟ್ಟಿ ಕಂಪನಿಗಿಂತ, ಮುಳುಗಿದರೂ ಚಿಂತೆಯಿಲ್ಲ, ಐವತ್ತು ಪಟ್ಟು ಆಗಬಲ್ಲ ಕಂಪನಿ ಅವರಿಗೆ ಬೇಕು. ಕಿವುಡರ ಆ್ಯಪ್ ಆಗಿ ನೀವು ಮೂರು ಪಟ್ಟು ಕೊಡಬಹುದು. ಐವತ್ತು ಪಟ್ಟು ಬೇಕೆಂದರೆ ನೀವು ಬೇರೆ ಏನೋ ಆಗಬೇಕು. ಷರತ್ತಿನ ಅರ್ಥ ಇಷ್ಟೇ.

ಸಣ್ಣ ಸಮುದಾಯಗಳ ಡೇಟಿಂಗ್ ಕಂಪನಿಗಳು ಎಷ್ಟಕ್ಕೆ ಮಾರಾಟವಾಗಿವೆ ನೋಡಿ. ದಕ್ಷಿಣ ಏಷ್ಯಾ ಮೂಲದವರಿಗಾಗಿದ್ದ ದಿಲ್ ಮಿಲ್ 2019ರಲ್ಲಿ ಗರಿಷ್ಠ 5 ಕೋಟಿ ಡಾಲರ್ ಎಂಬ ಒಪ್ಪಂದಕ್ಕೆ ಹೋಯಿತು. ವೃತ್ತಿಯಲ್ಲಿ ಮೇಲೇರಿದವರನ್ನು ಆರಿಸಿ ಸೇರಿಸಿಕೊಳ್ಳುತ್ತಿದ್ದ ದಿ ಲೀಗ್ ಅನ್ನು ಮ್ಯಾಚ್ ಗ್ರೂಪ್ 2022ರಲ್ಲಿ ಸುಮಾರು 3 ಕೋಟಿ ಡಾಲರ್‌ಗೆ ಕೊಂಡಿತು. ಎಲ್ಲರಿಗೂ ತೆರೆದಿದ್ದ, ಬಹಳ ದೊಡ್ಡದಾಗಿದ್ದ ಓಕೆಕ್ಯುಪಿಡ್ ಕೂಡ 2011ರಲ್ಲಿ ಹೋದದ್ದು 5 ಕೋಟಿ ಡಾಲರ್‌ಗೆ. ಮುಖ್ಯವಾಗಿ ಸಲಿಂಗಿ ಪುರುಷರು ಬಳಸುವ ಗ್ರೈಂಡರ್ ಮಾತ್ರ ಬೇರೆ ದಾರಿ ಹಿಡಿಯಿತು: 2016ರಲ್ಲಿ ಶೇ 60 ಪಾಲು 9.3 ಕೋಟಿ ಡಾಲರ್‌ಗೆ ಚೀನಾದ ಕಂಪನಿಗೆ ಹೋಗಿ, ಅಮೆರಿಕ ಸರ್ಕಾರ ಭದ್ರತೆಯ ಕಾರಣಕ್ಕೆ ಮಾರಲು ಹೇಳಿದ ಮೇಲೆ 2020ರಲ್ಲಿ ಸುಮಾರು 60 ಕೋಟಿ ಡಾಲರ್‌ಗೆ ಮಾರಾಟವಾಯಿತು, 2022ರಲ್ಲಿ ಷೇರುಪೇಟೆಗೆ ಬಂತು. ಅದರ ಸಮುದಾಯ ಎಲ್ಲ ದೊಡ್ಡ ನಗರಗಳಲ್ಲೂ ದಟ್ಟವಾಗಿದೆ. ಒಂದು ಜೋಡಿ ಕೂಡಿದ ಮಾತ್ರಕ್ಕೆ ಜನ ಅಲ್ಲಿಂದ ಬಿಟ್ಟುಹೋಗುವುದೂ ಕಡಿಮೆ. ನಿಮ್ಮಲ್ಲಿ ಹಾಗಲ್ಲ. ನಿಮ್ಮ ಕೆಲಸ ಚೆನ್ನಾಗಿ ನಡೆದರೆ ಇಬ್ಬರು ಚಂದಾದಾರರು ಒಟ್ಟಿಗೆ ಹೋಗುತ್ತಾರೆ. ಹಿಂಜ್ ಎಂಬ ದೊಡ್ಡ ಡೇಟಿಂಗ್ ಆ್ಯಪ್ "ಅಳಿಸಿಹಾಕಲೆಂದೇ ಮಾಡಿದ ಆ್ಯಪ್" ಎಂದು ಜಾಹೀರಾತು ಕೊಡಬಲ್ಲದು. ಪ್ರತಿ ವರ್ಷ ಹೊಸದಾಗಿ ವಯಸ್ಸಿಗೆ ಬರುವ ಇಡೀ ಪೀಳಿಗೆ ಅದರ ಬಾಗಿಲಲ್ಲಿ ನಿಂತಿರುತ್ತದೆ. ನಿಮ್ಮ ಬಾಗಿಲಿಗೆ ಬರುವವರು ಕೆಲವೇ ಸಾವಿರ.

ಕೊಳ್ಳುವವರೂ ಜಾಸ್ತಿ ಇಲ್ಲ. ಟಿಂಡರ್, ಹಿಂಜ್, ಓಕೆಕ್ಯುಪಿಡ್, ಪ್ಲೆಂಟಿ ಆಫ್ ಫಿಶ್ ಎಲ್ಲವೂ ಮ್ಯಾಚ್ ಗ್ರೂಪ್ ಎಂಬ ಒಂದೇ ಮನೆಯವು. ಈ ಪ್ಲೆಂಟಿ ಆಫ್ ಫಿಶ್ ಬಗ್ಗೆ ಒಂದು ಮಾತು. 2003ರಲ್ಲಿ ಮಾರ್ಕಸ್ ಫ್ರಿಂಡ್ ಒಬ್ಬರೇ ಕಟ್ಟಿದ ತಾಣ, ಹೊರಗಿನ ಹೂಡಿಕೆ ತೆಗೆದುಕೊಳ್ಳಲೇ ಇಲ್ಲ, 2015ರಲ್ಲಿ 57.5 ಕೋಟಿ ಡಾಲರ್‌ಗೆ ಮಾರಾಟವಾಯಿತು. ನೀವೂ ಹಾಗೆ ಆಗಬಹುದು ಎಂದು ಹೇಳುತ್ತಿಲ್ಲ. ಹೂಡಿಕೆ ಬಾರದಿದ್ದರೆ ಕಂಪನಿಯೇ ಅಲ್ಲ ಎಂಬ ಅಳುಕು ನಿಮ್ಮ ಪತ್ರದಲ್ಲಿ ಎರಡು ಕಡೆ ಕಂಡಿತು, ಅದಕ್ಕಾಗಿ ಹೇಳಿದೆ.

ಪಾಲಿನ ವಿಷಯ. ಅವರ ಪ್ರಸ್ತಾವದ ನಾಲ್ಕನೇ ಸಾಲನ್ನು ನೀವು ಪ್ರಶ್ನೆಯಲ್ಲಿ ಬರೆದಿಲ್ಲ, ಲಗತ್ತಿನಲ್ಲಿ ಇದೆ: ಹೂಡಿಕೆಗೆ ಮುಂಚೆ ಉದ್ಯೋಗಿಗಳಿಗಾಗಿ ಶೇ 10 ಷೇರು ಎತ್ತಿಡಬೇಕು. ಆ ಹತ್ತು ಪೂರಾ ನಿಮ್ಮ ಮೂವರ ಜೇಬಿನಿಂದ ಹೋಗುತ್ತದೆ. ಶೇ 25 ಮತ್ತು 10 ಸೇರಿದರೆ ಉಳಿಯುವುದು 65. ತಲೆಗೆ 22ಕ್ಕಿಂತ ಕಡಿಮೆ, ಅದೂ ಮೊದಲ ಸುತ್ತಿನಲ್ಲೇ. ಅದರ ಕೆಳಗಿನ ಸಾಲಿನಲ್ಲಿ ಲಿಕ್ವಿಡೇಶನ್ ಪ್ರಿಫರೆನ್ಸ್ ಇದೆ. ಕಂಪನಿ ಮಾರಾಟವಾದರೆ ಹೂಡಿಕೆದಾರರು ಹಾಕಿದ ಹಣ ಮೊದಲು ಅವರಿಗೆ ಹೋಗಬೇಕು ಎಂಬುದು ಅದರ ಸಾರ. ಒಂದು ಪಟ್ಟು ಎಂದರೆ ಎಲ್ಲರೂ ಕೇಳುವಂಥದ್ದೇ, ಒಪ್ಪಬಹುದು. ಆದರೆ ಇಲ್ಲಿ "ಪಾರ್ಟಿಸಿಪೇಟಿಂಗ್" ಎಂಬ ಪದ ಸೇರಿದೆ. ಹಾಕಿದ್ದನ್ನು ಮೊದಲು ತೆಗೆದುಕೊಂಡು, ಉಳಿದದ್ದರಲ್ಲಿ ಮತ್ತೆ ಶೇ 25 ತೆಗೆದುಕೊಳ್ಳುತ್ತಾರೆ. ನಾಲ್ಕು ಹಾಕಿ ಕಂಪನಿ ಹನ್ನೆರಡಕ್ಕೆ ಮಾರಾಟವಾದರೆ, ಮೊದಲು ನಾಲ್ಕು, ಆಮೇಲೆ ಉಳಿದ ಎಂಟರಲ್ಲಿ ಎರಡು: ಒಟ್ಟು ಆರು ಅವರದು. ಕಾಗದದ ಮೇಲೆ ಕಾಲು ಭಾಗ, ಕೈಗೆ ಬರುವಾಗ ಅರ್ಧ. ಸಣ್ಣ ಮೊತ್ತಕ್ಕೆ ಮಾರಾಟವಾಗುವ ಸಾಧ್ಯತೆಯೇ ಹೆಚ್ಚಿರುವ ನಿಮ್ಮಂಥ ಕಂಪನಿಗೆ ಈ ಪದ ಬಹಳ ದುಬಾರಿ. ಯಾರ ಹಣ ತೆಗೆದುಕೊಂಡರೂ ಈ ಪದ ಹೊಡೆದುಹಾಕಿಸಿ.

ಎಲ್ಲರಿಗೂ ತೆರೆದರೆ ಏನಾಗುತ್ತದೆ? ಮೊದಲ ವಾರದಲ್ಲಿ ನೋಂದಣಿ ಹೆಚ್ಚುತ್ತದೆ. ಸನ್ನೆ ಭಾಷೆಯ ಗಂಧವಿಲ್ಲದವರು ಬರುತ್ತಾರೆ. ಕುತೂಹಲಕ್ಕೆ ಬರುವವರು, ಕಿವುಡುತನವೇ ಆಕರ್ಷಣೆ ಎಂಬಂಥವರು, ಎದುರಿನವರಿಗೆ ಕೇಳಿಸುವುದಿಲ್ಲವಾದ್ದರಿಂದ ಮೋಸ ಮಾಡುವುದು ಸುಲಭ ಎಂದುಕೊಂಡವರು. ಅದನ್ನು ಮೊದಲು ಅನುಭವಿಸುವವರು ಹೆಂಗಸರು, ಮೊದಲು ಬಿಟ್ಟುಹೋಗುವವರೂ ಅವರೇ. ನೂರಕ್ಕೆ ಮೂವತ್ತು ಇರುವುದು ಹದಿನೈದಾದರೆ ಗಂಡಸರು ಉಳಿಯಲು ಕಾರಣವೇ ಇರುವುದಿಲ್ಲ. ಇನ್ನೊಂದು ಅಡಚಣೆಯೂ ಇದೆ. ಡೇಟಿಂಗ್ ಆ್ಯಪ್‌ಗಳು ಈಗಾಗಲೇ ಬೇಕಾದಷ್ಟಿವೆ, ವಿಶಿಷ್ಟವಾದ ಉತ್ತಮ ಅನುಭವ ಕೊಡದಿದ್ದರೆ ತಿರಸ್ಕರಿಸುತ್ತೇವೆ ಎಂದು ಆ್ಯಪಲ್ ತನ್ನ ಆ್ಯಪ್ ಸ್ಟೋರ್ ನಿಯಮಗಳಲ್ಲೇ ಬರೆದಿದೆ. ಸನ್ನೆ ಭಾಷೆಯ ವಿಡಿಯೊ ಆ ಬಾಗಿಲು ದಾಟುವ ನಿಮ್ಮ ರಹದಾರಿ. ಅದನ್ನು ಬಿಟ್ಟುಕೊಟ್ಟು ಟಿಂಡರ್ ಜೊತೆ ಪೈಪೋಟಿಗೆ ನಿಲ್ಲುವಷ್ಟು ಹಣವನ್ನು ಅವರೇನೂ ಕೊಡುತ್ತಿಲ್ಲ.

ಆದರೂ ಅವರ ಮಾತಿನಲ್ಲಿ ಒಂದು ಸತ್ಯದ ತುಣುಕಿದೆ, ಬಾಗಿಲು ಈಗಿರುವುದಕ್ಕಿಂತ ಸ್ವಲ್ಪ ಅಗಲವಾಗಬೇಕು. ನೋಂದಣಿಯ ಮೊದಲ ಪುಟದಲ್ಲಿ "ನಿಮಗೆ ಕಿವಿ ಕೇಳಿಸುತ್ತದೆಯೇ?" ಎಂದು ಕೇಳುತ್ತಿದ್ದೀರಿ. ಅದನ್ನು ತೆಗೆದು "ನಿಮಗೆ ಸನ್ನೆ ಬರುತ್ತದೆಯೇ?" ಎಂದು ಕೇಳಿ. ಕಿವುಡ ತಂದೆ ತಾಯಿಯ, ಕಿವಿ ಕೇಳುವ ಮಕ್ಕಳಿದ್ದಾರೆ, ಸನ್ನೆ ದುಭಾಷಿಗಳಿದ್ದಾರೆ, ಕಿವುಡರ ಶಾಲೆಯ ಶಿಕ್ಷಕರಿದ್ದಾರೆ, ಕಿವುಡ ತಮ್ಮನ ಜೊತೆ ಸನ್ನೆಯಲ್ಲೇ ಬೆಳೆದ ಅಕ್ಕಂದಿರಿದ್ದಾರೆ. ಸೇರುವಾಗ ಇಪ್ಪತ್ತು ಸೆಕೆಂಡಿನ ಒಂದು ಪ್ರಶ್ನೆಗೆ ಸನ್ನೆಯಲ್ಲೇ ಉತ್ತರಿಸಲಿ. ಸಮುದಾಯದ ಒಬ್ಬರು ನೋಡಿ ಒಪ್ಪಿಗೆ ಕೊಡಲಿ. ಅವರೂ ಬೇಡ ಎನ್ನುವವರಿಗೆ ಕಿವುಡರನ್ನು ಮಾತ್ರ ತೋರಿಸುವ ಆಯ್ಕೆ ಇರಲಿ. ಹೀಗೆ ಸಂಖ್ಯೆಯೂ ಹೆಚ್ಚುತ್ತದೆ, ಭಾಷೆಯೂ ಉಳಿಯುತ್ತದೆ.

ಹಾಗಾದರೆ ಐದು ತಿಂಗಳ ನಂತರ ಏನು? ಮೊದಲು ಕೈಯಲ್ಲಿರುವ ಹಣ ಸೋರುವುದನ್ನು ನಿಲ್ಲಿಸಿ. ನಿಮ್ಮ ಹಾಳೆಯಲ್ಲಿ ಆ್ಯಪಲ್‌ಗೆ ಶೇ 30 ಕಮಿಷನ್ ಹೋಗುತ್ತಿದೆ. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದ ಡೆವಲಪರ್‌ಗಳಿಗೆ 2021ರಿಂದ ಅದು ಶೇ 15. ಆದರೆ ತಾನಾಗಿಯೇ ಇಳಿಯುವುದಿಲ್ಲ, ಸಣ್ಣ ವ್ಯಾಪಾರಗಳ ಆ ಯೋಜನೆಗೆ ಅರ್ಜಿ ಹಾಕಿ ಸೇರಬೇಕು. ನೀವು ಹಾಕಿಲ್ಲ. ಇವತ್ತೇ ಹಾಕಿ. ನೂರರಲ್ಲಿ 70 ಕೈಗೆ ಬರುತ್ತಿದ್ದದ್ದು 85 ಆಗುತ್ತದೆ, ಅಂದರೆ ಆ ಆದಾಯ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳೆದಂತೆ, ಒಬ್ಬ ಹೊಸ ಚಂದಾದಾರನೂ ಸೇರದೆ. ಗೂಗಲ್ ಪ್ಲೇ ಕಡೆಯೂ ಇದೇ ಬಗೆಯ ರಿಯಾಯಿತಿ ಇದೆ, ಅಲ್ಲಿಯೂ ಪರಿಶೀಲಿಸಿ.

ಎರಡನೆಯದು ವಿಡಿಯೊ ಶೇಖರಣೆಯ ಖರ್ಚು. ಯಾರೂ ಮತ್ತೆ ನೋಡದ ಹಳೆಯ ಸಂದೇಶಗಳು ದುಬಾರಿ ಸರ್ವರ್‌ನಲ್ಲಿ ಕೂತಿವೆ. ಅಗ್ಗದ ಕಡೆಗೆ ಸರಿಸಿ, ಒಂದು ಅವಧಿಯ ನಂತರ ಅಳಿಸುತ್ತೇವೆ ಎಂದು ಬಳಕೆದಾರರಿಗೆ ತಿಳಿಸಿ ಅಳಿಸಿ. ದೂರು ಬಂದ ವಿಡಿಯೊಗಳನ್ನು ಮಾತ್ರ ತನಿಖೆ ಮುಗಿಯುವವರೆಗೆ ಇಟ್ಟುಕೊಳ್ಳಿ.

ಆದರೆ ವಿಡಿಯೊ ನೋಡಿ ನಿಗಾ ಇಡುವ ನಿಮ್ಮ ಇಬ್ಬರು ಸಿಬ್ಬಂದಿಯನ್ನು ತೆಗೆಯುವ ಯೋಚನೆ ಬಿಡಿ. ಪಠ್ಯದಲ್ಲಿನ ಬೈಗುಳವನ್ನು ಯಂತ್ರ ಹಿಡಿಯುತ್ತದೆ. ಸನ್ನೆಯಲ್ಲಿ ಹಾಕಿದ ಬೆದರಿಕೆಯನ್ನು ಸನ್ನೆ ಬಲ್ಲ ಮನುಷ್ಯರೇ ಹಿಡಿಯಬೇಕು. ಇಲ್ಲಿ ನಿಮ್ಮ ಹೊಣೆ ಬೇರೆ ಆ್ಯಪ್‌ಗಳಿಗಿಂತ ಭಾರ. ಬೇರೆ ಕಡೆ ಮುಖ ಮಸುಕು ಮಾಡಿ, ಅಡ್ಡಹೆಸರಿನಲ್ಲಿ ಮಾತನಾಡಬಹುದು. ಸನ್ನೆ ಭಾಷೆಯಲ್ಲಿ ಹುಬ್ಬು ಏರಿಸುವುದೂ ತುಟಿಯ ಆಕಾರವೂ ವ್ಯಾಕರಣದ ಭಾಗ. ಮುಖ ಮುಚ್ಚಿದರೆ ಮಾತೇ ಅರ್ಧವಾಗುತ್ತದೆ. ನಿಮ್ಮ ಸರ್ವರ್‌ನಲ್ಲಿರುವುದು ಎಲ್ಲರೂ ಎಲ್ಲರನ್ನೂ ಬಲ್ಲ ಒಂದು ಸಣ್ಣ ಸಮುದಾಯದ ಬಯಲಾದ ಮುಖಗಳು. ಗ್ರೈಂಡರ್ ಬಳಕೆದಾರರ ಎಚ್‌ಐವಿ ಮಾಹಿತಿಯನ್ನು ಹೊರಗಿನ ಕಂಪನಿಗಳಿಗೆ ಕೊಟ್ಟದ್ದು 2018ರಲ್ಲಿ ಬಯಲಾಯಿತು. ಸರಿಯಾದ ಒಪ್ಪಿಗೆ ಇಲ್ಲದೆ ಮಾಹಿತಿಯನ್ನು ಜಾಹೀರಾತುದಾರರಿಗೆ ಹಂಚಿದ್ದಕ್ಕೆ ನಾರ್ವೆ 2021ರಲ್ಲಿ 6.5 ಕೋಟಿ ಕ್ರೋನರ್ ದಂಡ ಹಾಕಿತು. 2025ರ ಜುಲೈನಲ್ಲಿ ಹೆಂಗಸರ ಸುರಕ್ಷತೆಗೆಂದೇ ಇದ್ದ ಟೀ ಎಂಬ ಆ್ಯಪ್‌ನಿಂದ ಸುಮಾರು 72,000 ಚಿತ್ರಗಳು ಸೋರಿದವು, ಅದರಲ್ಲಿ ಸುಮಾರು 13,000 ಗುರುತು ಖಚಿತಪಡಿಸಲು ಕೊಟ್ಟ ಸೆಲ್ಫಿ ಮತ್ತು ಗುರುತಿನ ಚೀಟಿಗಳು. ಗುರುತು ಪರಿಶೀಲನೆಯ ವಿಡಿಯೊ ಕೆಲಸ ಮುಗಿದ ಕೂಡಲೇ ಅಳಿಸಿ. ಇಟ್ಟುಕೊಳ್ಳದ ವಿಡಿಯೊ ಸೋರುವುದಿಲ್ಲ.

ಇಷ್ಟಾದ ಮೇಲೆ ಹಣ. 18 ತಿಂಗಳದ್ದು ಬೇಡ, 12 ತಿಂಗಳದ್ದು ಸಾಕು, ಅದರ ಬಹುಭಾಗ ಕ್ರೀಡಾಕೂಟ, ಶಾಲೆಯ ಕೂಟಗಳಿಗೆ ಹೋಗಿಬರುವ ಖರ್ಚಿಗೆ. ಸ್ವಂತ ಹಣ ಹಾಕುವ ಏಂಜೆಲ್‌ಗಳನ್ನು ಹುಡುಕಿ, ಅದರಲ್ಲೂ ಕಿವುಡ ಉದ್ಯಮಿಗಳನ್ನು, ಕಿವುಡ ಮಕ್ಕಳ ತಂದೆ ತಾಯಿಯನ್ನು. ಅವರಿಗೆ ಮೂರು ಪಟ್ಟು ಸಾಕಾಗಬಹುದು. ಕಾಗದಪತ್ರಕ್ಕೆ ಸೇಫ್ ಒಪ್ಪಂದ ಬಳಸಬಹುದು. ಹೊಸ ಕಂಪನಿಗಳಿಗೆ ಆರಂಭದ ಹಣ ಕೊಟ್ಟು ಬೆಳೆಸುವ ಅಮೆರಿಕದ ಸಂಸ್ಥೆ ವೈ ಕಾಂಬಿನೇಟರ್ 2013ರಲ್ಲಿ ತಂದ ಸರಳ ಒಪ್ಪಂದ ಅದು, ಈಗ ಹಣ ಕೊಟ್ಟು ಮುಂದಿನ ಸುತ್ತಿನಲ್ಲಿ ಷೇರು ಪಡೆಯುವುದು. ಒಂದು ಎಚ್ಚರಿಕೆ: 2018ರ ನಂತರದ ಮಾದರಿಯಲ್ಲಿ ಪ್ರತಿಯೊಂದು ಸೇಫ್ ಕೂಡ ತನ್ನ ಶೇಕಡಾವಾರನ್ನು ಮೊದಲೇ ಗಟ್ಟಿ ಮಾಡಿಕೊಳ್ಳುತ್ತದೆ. ಒಬ್ಬರಿಗೆ 6, ಇನ್ನೊಬ್ಬರಿಗೆ 5, ಮತ್ತೊಬ್ಬರಿಗೆ 4 ಎಂದು ಮೂರು ತಿಂಗಳ ಅಂತರದಲ್ಲಿ ಸಹಿ ಹಾಕುತ್ತ ಹೋದರೆ ಒಟ್ಟು 15 ನಿಮ್ಮ ಮೂವರ ಪಾಲಿನಿಂದಲೇ ಹೋಗುತ್ತದೆ, ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ. ಗೋಡೆಗೆ ಒಂದು ಹಾಳೆ ಅಂಟಿಸಿ ಕೂಡಿಸುತ್ತ ಹೋಗಿ. 12 ದಾಟಿದರೆ ನಿಲ್ಲಿಸಿ. ನಿಮ್ಮ ದೇಶದ ಕಂಪನಿ ಕಾನೂನಿಗೆ ಇದು ಹೊಂದುತ್ತದೆಯೇ ಎಂದು ಅಲ್ಲಿನ ವಕೀಲರಿಗೆ ತೋರಿಸಿ.

ಸಮುದಾಯದಿಂದಲೇ ಸಣ್ಣ ಸಣ್ಣ ಮೊತ್ತ ಎತ್ತುವ ಯೋಚನೆಯೂ ನಿಮ್ಮ ಪತ್ರದಲ್ಲಿತ್ತು. ಅಮೆರಿಕದಲ್ಲಿ 2016ರಿಂದ ಸಾಮಾನ್ಯ ಜನರಿಂದ ಹೀಗೆ ಷೇರು ಹಣ ಎತ್ತಲು ಅವಕಾಶವಿದೆ, 2021ರಲ್ಲಿ ಮಿತಿಯನ್ನು 50 ಲಕ್ಷ ಡಾಲರ್‌ಗೆ ಏರಿಸಿದರು. ಕೆಲವು ದೇಶಗಳಲ್ಲಿ ಅವಕಾಶವೇ ಇಲ್ಲ. ಕಾನೂನು ಒಪ್ಪಿದರೂ ನಾನು ಈಗಲೇ ಬೇಡ ಎನ್ನುತ್ತೇನೆ. ಚಂದಾದಾರರ ಸಂಖ್ಯೆ 130ಕ್ಕೆ ಇಳಿಯಬಹುದಾದ ಹೊತ್ತಿನಲ್ಲಿ ನಿಮ್ಮ ಜನರ ಉಳಿತಾಯಕ್ಕೆ ಕೈ ಹಾಕಬಾರದು.

ಆ ಹೂಡಿಕೆ ಸಂಸ್ಥೆಯ ಜೊತೆ ಮಾತು ಮುರಿದುಕೊಳ್ಳಬೇಕಾಗಿಲ್ಲ. ಸಣ್ಣ ಸಮುದಾಯವನ್ನು ಬಿಡದೆಯೇ ಹೂಡಿಕೆ ಪಡೆದವರಿದ್ದಾರೆ. ಮುಸ್ಲಿಮರಿಗಾಗಿರುವ ಮಜ್ 2017ರಲ್ಲಿ ವೈ ಕಾಂಬಿನೇಟರ್ ಸೇರಿ 2019ರಲ್ಲಿ 70 ಲಕ್ಷ ಡಾಲರ್ ಎತ್ತಿತು, ಇವತ್ತಿಗೂ ಮುಸ್ಲಿಮರ ಆ್ಯಪ್ ಆಗಿಯೇ ಇದೆ. (ಅದರ ಹಳೆಯ ಹೆಸರಿನಲ್ಲಿ 'ಮ್ಯಾಚ್' ಇದ್ದದ್ದಕ್ಕೆ ಮ್ಯಾಚ್ ಗ್ರೂಪ್ ಕೋರ್ಟಿಗೆ ಹೋಗಿ 2022ರಲ್ಲಿ ಬ್ರಿಟನ್ನಿನಲ್ಲಿ ಗೆದ್ದಿತು, ಹೆಸರು ಬದಲಾಯಿತು. ನೀವು ಯೋಚಿಸುತ್ತಿರುವ ಹೊಸ ಹೆಸರಿನಲ್ಲೂ ಆ ಪದ ಇದೆ, ಕೈಬಿಡಿ.) ನೇರವಾಗಿ ಬರೆಯಿರಿ: 12 ತಿಂಗಳ ಹಣ, ಶೇ 10 ಪಾಲು, ಬೋರ್ಡ್ ಸ್ಥಾನದ ಬದಲು ವೀಕ್ಷಕರಾಗಿ ಕೂರುವ ಅವಕಾಶ, ಪಾರ್ಟಿಸಿಪೇಟಿಂಗ್ ಇಲ್ಲದ ಒಂದು ಪಟ್ಟಿನ ಪ್ರಿಫರೆನ್ಸ್, "ಎಲ್ಲರಿಗೂ" ಎಂಬಲ್ಲಿ "ಸನ್ನೆ ಬಲ್ಲ ಎಲ್ಲರಿಗೂ". ನಿಮ್ಮ ಮೂವರ ಷೇರುಗಳಿಗೆ ನಾಲ್ಕು ವರ್ಷದ ವೆಸ್ಟಿಂಗ್, ಅಂದರೆ ಕೆಲಸ ಮಾಡುತ್ತ ಹೋದಂತೆ ಷೇರು ಹಂತ ಹಂತವಾಗಿ ಸ್ವಂತವಾಗುವ ಏರ್ಪಾಡು, ಕೇಳಿದರೆ ಒಪ್ಪಿಕೊಳ್ಳಿ. ನಿಮ್ಮಲ್ಲಿ ಒಬ್ಬರು ನಡುವೆ ಬಿಟ್ಟುಹೋದರೆ ಉಳಿದಿಬ್ಬರನ್ನು ಕಾಯುವುದು ಅದೇ. ಜೊತೆಗೆ ಒಂದು ಪ್ರಶ್ನೆ ಕೇಳಿ: ನಿಮ್ಮ ಫಂಡ್‌ಗೆ ಈಗ ಎಷ್ಟನೇ ವರ್ಷ? ಏಳನೇ ವರ್ಷ ಎಂದರೆ ಮೂರು ವರ್ಷದಲ್ಲಿ ಅವರು ನಿಮ್ಮನ್ನು ಮಾರಲೇಬೇಕಾಗುತ್ತದೆ.

ಆ ಪತ್ರ ಬರೆಯುವ ಮೊದಲು ಒಂದು ಪಟ್ಟಿ ಮಾಡಿ. ಮೂರು ದೇಶಗಳನ್ನೂ ಊರು ಊರಾಗಿ ಒಡೆದು, ಕಳೆದ 30 ದಿನದಲ್ಲಿ ಆ್ಯಪ್ ತೆರೆದ ಹೆಂಗಸರೆಷ್ಟು, ಗಂಡಸರೆಷ್ಟು, ಒಬ್ಬರಿಗೆ ಕಾಣುವ ಮುಖಗಳೆಷ್ಟು ಎಂದು ಬರೆಯಿರಿ. ಕಾಣುವ ಮುಖ ಮೂವತ್ತು ದಾಟುವ ಊರು ಎರಡಿದ್ದರೂ ಸಾಕು, ಮೊದಲ ಆರು ತಿಂಗಳು ಅವೆರಡರಲ್ಲೇ ಕೆಲಸ ಮಾಡಿ. ಮೂರನೇ ದೇಶದ 300 ಜನರಿಗೆ ಚಂದಾ ತೆಗೆದುಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ, ಆ್ಯಪ್ ಉಚಿತವಾಗಿರಲಿ. ಮುಂದಿನ ಕ್ರೀಡಾಕೂಟ ಒಂಬತ್ತು ವಾರಕ್ಕಿದೆ ಎಂದಿದ್ದೀರಿ. ಈ ಸಲ ಮೂವರೂ ಹೋಗಿ. ಪಟ್ಟಿ ಸಿದ್ಧವಾದ ಕೂಡಲೇ ನನಗೆ ಕಳುಹಿಸಿ, ಹೂಡಿಕೆದಾರರಿಗೆ ಬರೆಯುವ ಪತ್ರವನ್ನು ಅದನ್ನು ಮುಂದಿಟ್ಟುಕೊಂಡು ಒಟ್ಟಿಗೆ ತಿದ್ದೋಣ.